ಹಂದಿಮರಿ ಬಹುಮಾನ ಕೊಡೋ ರೇಸು ಮತ್ತೆ ಅಂಥದ್ದೇ ಇನ್ನೊಂದಿಷ್ಟು

ಜುಲೈ ಬಂತು ಅಂದ್ರೆ ನಮ್ ಚಿಕ್ಕಬಳ್ಳಾಪುರದ ಸೈಕಲ್ ಹುಡುಗರ ವಾಟ್ಸಾಪ್ ಗ್ರೂಪಲ್ಲಿ ಟೂರ್ ಡಿ ಫ್ರಾನ್ಸ್ ಬಿಟ್ಟು ಬೇರೆ ಮಾತೇ ಇರಲ್ಲ, ಪೊಗಾಚರ್ ಎಲ್ಲಿ ಅಟ್ಯಾಕ್ ಮಾಡ್ದ, ವಿಂಗೆಗೋರ್ ಯಾಕೆ ಹಿಂದೆ ಬಿದ್ದ, ಇದೇ. ನಾನೂ ನೋಡ್ತೀನಿ, ನನ್ ತಕರಾರೇನಿಲ್ಲ. ಆದ್ರೆ ಆಗಸ್ಟ್ ಶುರುವಾದ್ರೆ ಗ್ರೂಪ್ ಫುಲ್ ಸೈಲೆಂಟು, ಪ್ರಪಂಚದಲ್ಲಿ ಯಾರೂ ಸೈಕಲ್ಲೇ ಮುಟ್ತಿಲ್ಲವೇನೋ ಅನ್ನೋ ಥರ. ನನಗೆ ಸೀಸನ್ ಅಂದ್ರೆ ಜನವರಿ ಕೊನೆಯಿಂದ ಅಕ್ಟೋಬರ್ ತನಕ, ಅದ್ರಲ್ಲೂ ಜಾಸ್ತಿ ಟೈಮ್ ಹೋಗೋದು ಇವರ್ಯಾರೂ ಹೆಸರು ಕೂಡ ಕೇಳಿರದ ರೇಸುಗಳಿಗೆ.

ಈ ನಂಬರ್‌ಗಳ ವಿಷ್ಯ ಮೊದ್ಲೇ ಹೇಳ್ಬಿಡ್ತೀನಿ, ಇಲ್ದಿದ್ರೆ ಮುಂದೆ ಓದೋಕೆ ಕಷ್ಟ. ರೇಸ್ ಹೆಸರಿನ ಪಕ್ಕ 1.1, 2.1, 1.2, 2.ಪ್ರೊ ಅಂತೆಲ್ಲ ಹಾಕಿರ್ತಾರೆ. ಚುಕ್ಕಿಗೆ ಮುಂಚೆ 1 ಇದ್ರೆ ಒಂದೇ ದಿನದ ರೇಸು, 2 ಇದ್ರೆ ಹಲವು ದಿನದ ಸ್ಟೇಜ್ ರೇಸು (ಒಂದೊಂದು ದಿನದ ಓಟ ಒಂದೊಂದು ಸ್ಟೇಜು). ಚುಕ್ಕಿ ಆದ್ಮೇಲೆ ಬರೋದು ದರ್ಜೆ. ಎಲ್ಲಕ್ಕಿಂತ ಮೇಲೆ ವರ್ಲ್ಡ್ ಟೂರ್, ಆಮೇಲೆ 2020ರಲ್ಲಿ ಶುರುವಾದ ಪ್ರೊ ಸೀರೀಸ್, ಅದರ ಕೆಳಗೆ .1, ಅದಕ್ಕೂ ಕೆಳಗೆ .2. ದೊಡ್ಡ ವರ್ಲ್ಡ್ ಟೂರ್ ಟೀಮುಗಳು .1 ತನಕ ಇಳಿದು ಬರಬಹುದು, .2ಗೆ ಬರೋ ಹಾಗಿಲ್ಲ. ನಾನು ಬಿಡದೆ ಹಿಂದೆ ಬೀಳೋದು ಈ .1 ರೇಸುಗಳನ್ನ, ಯಾಕಂದ್ರೆ ಕೋಟಿಗಟ್ಲೆ ಸಂಬಳ ತಗೊಳ್ಳೋನು ಮತ್ತೆ ಮುಂದಿನ ವರ್ಷ ಟೀಮೇ ಇರುತ್ತೋ ಇಲ್ವೋ ಗೊತ್ತಿಲ್ದೋನು ಒಂದೇ ಲೈನಲ್ಲಿ ನಿಂತ್ಕೊಳ್ಳೋದು ಅಲ್ಲೇ. ಮೂರನೇ ಹಂತದ ಕಾಂಟಿನೆಂಟಲ್ ಟೀಮುಗಳಿಗೆ ಯುಸಿಐ (ಪ್ರಪಂಚದ ಸೈಕಲ್ ರೇಸುಗಳಿಗೆ ರೂಲ್ಸ್ ಮಾಡೋ ಸಂಸ್ಥೆ) ಕಡೆಯಿಂದ ಕನಿಷ್ಠ ಸಂಬಳ ಅನ್ನೋ ಕಟ್ಟಳೆನೇ ಇಲ್ಲ. ಅಂಥಾ ಹುಡುಗ ಟೂರ್ ಗೆದ್ದೋನ ಪಕ್ಕದಲ್ಲಿ ಭುಜಕ್ಕೆ ಭುಜ ತಾಗಿಸ್ಕೊಂಡು ತಿರುವು ತಗೋತಾನೆ, ಅದನ್ನ ನೋಡ್ಬೇಕು.

ಪಾಯಿಂಟ್ಸ್ ಲೆಕ್ಕ ಗೊತ್ತಾದ್ಮೇಲಂತೂ ನನ್ ಹುಚ್ಚು ಇನ್ನೂ ಜಾಸ್ತಿ ಆಯ್ತು. 2020ರಿಂದ 2022ರ ತನಕ ಮೂರು ವರ್ಷದ ಪಾಯಿಂಟ್ಸ್ ಕೂಡಿಸಿ, ಮೊದಲ 18 ಟೀಮುಗಳಿಗೆ ಮಾತ್ರ ವರ್ಲ್ಡ್ ಟೂರ್ ಲೈಸೆನ್ಸು ಅಂತ ರೂಲ್ಸ್ ತಂದ್ರಲ್ಲ, ಆಗ ಟೂರ್ ಡಿ ಫ್ರಾನ್ಸಿನ ಒಂದು ಸ್ಟೇಜ್ ಗೆದ್ರೆ ಸಿಗ್ತಿದ್ದಿದ್ದು 120 ಪಾಯಿಂಟು. ಬೆಲ್ಜಿಯಮ್ಮಿನ ಯಾವುದೋ ಹಳ್ಳೀಲಿ ಮಂಗಳವಾರ ಮಧ್ಯಾಹ್ನ ನಡೆಯೋ 1.1 ರೇಸ್ ಗೆದ್ರೆ 125! ಇದನ್ನ ಓದ್ದಾಗ ನಂಬೋಕೇ ಆಗ್ಲಿಲ್ಲ. ಲೆಕ್ಕ ಗೊತ್ತಿರೋ ಟೀಮುಗಳು ಏನು ಮಾಡಿದ್ವು ಅಂದ್ರೆ, ಟೊಮೇಟೊ ಲೋಡ್ ಜಾಸ್ತಿ ಬಂದು ಕೋಲಾರ ಮಾರ್ಕೆಟ್ಟಲ್ಲಿ ರೇಟ್ ಬಿದ್ದಿರೋವಾಗ ಬುದ್ಧಿವಂತ ರೈತ ಗಾಡಿ ಚಿಂತಾಮಣಿ ಕಡೆ ತಿರುಗಿಸ್ತಾನಲ್ಲ, ಹಂಗೆ ತಮ್ಮ ಒಳ್ಳೊಳ್ಳೆ ಸವಾರರನ್ನ ಸಣ್ಣ ರೇಸುಗಳಿಗೆ ಕಳ್ಸಿದ್ವು. ಲೊಟ್ಟೊ ಟೀಮಿನ ಆರ್ನೋ ಡೆ ಲೀ, ಆಗ 20 ವರ್ಷದ ಹುಡುಗ, ಪ್ರೊ ಆಗಿ ಮೊದಲನೇ ಸೀಸನ್ನು, 2022ರಲ್ಲಿ 9 ರೇಸ್ ಗೆದ್ದ, ಬಹುತೇಕ ಎಲ್ಲಾ ಇಂಥವೇ. ಅಷ್ಟಾದ್ರೂ ಲೊಟ್ಟೊ ಉಳೀಲಿಲ್ಲ, ಇಸ್ರೇಲ್ ಟೀಮ್ ಜೊತೆ ಕೆಳಕ್ಕೆ ಹೋಯ್ತು. 2023ರಿಂದ ಟೂರ್ ಸ್ಟೇಜಿಗೆ 210 ಪಾಯಿಂಟ್ ಮಾಡಿದ್ರು, ಸ್ವಲ್ಪ ಸರಿ ಆಯ್ತು, ಆದ್ರೂ ಬೇಟೆ ನಿಂತಿಲ್ಲ. 2025ರಲ್ಲಿ ಅಸ್ತಾನಾ ಟೀಮು ಕೆಳಗೆ ಬೀಳೋ ಅಂಚಲ್ಲಿತ್ತು, ಸಿಕ್ಕ ಸಿಕ್ಕ ಕಡೆ ಸವಾರರನ್ನ ಹಂಚಿ, ನಾಲ್ಕನೇದು ಏಳನೇದು ಅಂತ ಎಲ್ಲಾ ಪ್ಲೇಸಿನ ಪಾಯಿಂಟು ಹೆಕ್ಕಿ ಹೆಕ್ಕಿ ಉಳ್ಕೊಳ್ತು.

ಅದಕ್ಕೇ ನಾನು ಹೇಳೋದು, ಸಣ್ಣ ರೇಸಲ್ಲಿ ಏಳನೇ ಪ್ಲೇಸಿಗೂ ಜಗಳ ಇರುತ್ತೆ. ಟೂರಲ್ಲಿ ಮೊದಲನೇ ಎರಡು ಮೂರು ಜನ ಬಿಟ್ರೆ ಮಿಕ್ಕೋರು ಸುಸ್ತಾಗಿ ಬಂದು ಸೇರ್ತಾರೆ ಅಷ್ಟೇ, ಇಲ್ಲಿ ಹತ್ತನೆಯವನೂ ಫಿನಿಷ್ ಲೈನಲ್ಲಿ ಸೈಕಲ್ ಮುಂದಕ್ಕೆ ತಳ್ತಾನೆ. ಯಾರಿಗೆ ಈ ರಿಸಲ್ಟ್ ಬೇಕೇ ಬೇಕು ಅನ್ನೋದು ಗೊತ್ತಿದ್ರೆ ರೇಸ್ ಅರ್ಧ ಅರ್ಥ ಆದಂಗೆ. ಅಂಗಡಿ ಬಾಗ್ಲು ಹಾಕಿ ಮನೆಗೆ ಬಂದ್ಮೇಲೆ (ನಮ್ದು ಡ್ರಿಪ್ ಪೈಪಿನ ಅಂಗಡಿ) ನಾನು ಮೊದ್ಲು ತೆಗೆಯೋದು ಪ್ರೊಸೈಕ್ಲಿಂಗ್‌ಸ್ಟ್ಯಾಟ್ಸ್ ಸೈಟು, ನಾಳೆಯ ರೇಸಿನ ಸ್ಟಾರ್ಟ್ ಲಿಸ್ಟು. ಯಾರ ಕಾಂಟ್ರಾಕ್ಟು ಈ ವರ್ಷ ಮುಗಿಯುತ್ತೆ, ಯಾರು ಗಾಯ ಆಗಿ ಈಗ ವಾಪಸ್ ಬರ್ತಿದಾರೆ, ಯಾವ ಟೀಮು ಏಳು ಜನರ ಬದ್ಲು ಐದೇ ಜನ ಕಳ್ಸಿದೆ. ಅಮ್ಮ ಒಂದ್ಸಲ ಇಣುಕಿ ನೋಡಿ, ಇದೇನೋ ವೋಟರ್ ಲಿಸ್ಟ್ ಓದ್ತಾ ಕೂತಿದೀಯ ಅಂದ್ರು.

ಫೆಬ್ರವರಿ ಕೊನೇಲಿ ಟೂರ್ ಡು ರ್ವಾಂಡಾ ಬರುತ್ತೆ, 2019ರಿಂದ 2.1 ದರ್ಜೆ. ವರ್ಷದಲ್ಲಿ ಒಂದೇ ರೇಸ್ ನೋಡು ಅಂದ್ರೆ ನಾನು ಇದನ್ನೇ ನೋಡ್ತೀನಿ. ನಮ್ ನಂದಿ ಬೆಟ್ಟದ ತುದಿ 1478 ಮೀಟರ್, ಭಾನುವಾರ ಬೆಳಿಗ್ಗೆ ಬೆಂಗಳೂರಿನವರೆಲ್ಲ ಏದುಸಿರು ಬಿಟ್ಕೊಂಡು ಹತ್ತಿ ಫೋಟೋ ತೆಗೆಸ್ಕೊಳ್ಳೋ ಜಾಗ, ರ್ವಾಂಡಾದ ರಾಜಧಾನಿ ಕಿಗಾಲಿ ಅನ್ನೋ ಇಡೀ ಊರೇ ಹೆಚ್ಚು ಕಮ್ಮಿ ಆ ಎತ್ತರದಲ್ಲಿದೆ, ರೇಸ್ ಶುರುವಾಗೋದೇ ಅಲ್ಲಿಂದ, ಹತ್ತೋದು ಇಳಿಯೋದು ಆಮೇಲೆ. ಕಿಗಾಲಿ ಒಳಗೆ ಕಲ್ಲು ಹಾಸಿದ ಒಂದು ಕಡಿದಾದ ಏರಿದೆ, ಮುರ್ ಡಿ ಕಿಗಾಲಿ ಅಂತಾರೆ, ಅಲ್ಲಿ ಜನ ಎರಡೂ ಕಡೆ ಹೆಂಗೆ ಸೇರ್ತಾರೆ ಅಂದ್ರೆ ಸವಾರರಿಗೆ ಉಸಿರಾಡೋಕೂ ಜಾಗ ಇರಲ್ಲ, ಮರದ ಮೇಲೆ, ಮನೆ ಮಾಡಿನ ಮೇಲೆ, ಸ್ಕೂಲ್ ಯೂನಿಫಾರ್ಮಲ್ಲೇ ಮಕ್ಕಳು. ರೇಸ್ 2.1 ಆದ್ಮೇಲೆ ಸ್ಟೇಜುಗಳನ್ನೆಲ್ಲ ಹೊರಗಿನವರೇ ಗೆಲ್ತಾ ಇದ್ರು. 2022ರ ಕೊನೇ ದಿನ ಕಿಗಾಲೀಲಿ ಮೋಯಿಸ್ ಮುಗಿಶಾ ಅನ್ನೋ ಅದೇ ದೇಶದ ಹುಡುಗ ಸ್ಟೇಜ್ ಗೆದ್ದ. ಒಟ್ಟು ರೇಸ್ ಗೆದ್ದಿದ್ದು ಎರಿಟ್ರಿಯಾದ ನತ್ನಾಯೆಲ್ ತೆಸ್ಫಾತ್ಸಿಯನ್, ಆದ್ರೆ ಆವತ್ತು ಅದನ್ನ ಕೇಳೋರು ಯಾರು. 2025ರ ಸೆಪ್ಟೆಂಬರಲ್ಲಿ ವರ್ಲ್ಡ್ ಚಾಂಪಿಯನ್‌ಶಿಪ್ಪೇ ಕಿಗಾಲಿಗೆ ಬಂತು, ಆಫ್ರಿಕಾದಲ್ಲಿ ಮೊದಲನೇ ಸಲ, ಪೊಗಾಚರ್ ಗೆದ್ದ. ಆಗ ನಮ್ ಗ್ರೂಪಲ್ಲಿ ಎಲ್ರೂ ವಾಹ್ ಏನ್ ಜನ ಏನ್ ಜನ ಅಂತ ಮೆಸೇಜ್ ಹಾಕಿದ್ದೇ ಹಾಕಿದ್ದು. ನಾನು ವರ್ಷವರ್ಷ ಫೆಬ್ರವರೀಲಿ ಲಿಂಕ್ ಹಾಕ್ದಾಗ ಒಬ್ಬನೂ ಓಪನ್ ಮಾಡಿರಲಿಲ್ಲ, ಇರ್ಲಿ ಬಿಡಿ.

ಹಂದಿಮರಿ ವಿಷ್ಯಕ್ಕೆ ಬರ್ತೀನಿ. ಫ್ರಾನ್ಸಿನ ಪಶ್ಚಿಮ ತುದೀಲಿ ಬ್ರಿಟನಿ ಅನ್ನೋ ಪ್ರಾಂತ್ಯ ಇದೆ, ಅವರದ್ದೇ ಭಾಷೆ ಬ್ರೆಟನ್, ಫ್ರೆಂಚ್‌ಗೂ ಅದಕ್ಕೂ ಸಂಬಂಧ ಇಲ್ಲ. ಅಲ್ಲಿ 1984ರಲ್ಲಿ ಜಾನ್-ಪಾಲ್ ಮೆಲುಯೆ ಅನ್ನೋರು ಟ್ರೋ-ಬ್ರೋ ಲೆಯೋನ್ ಅಂತ ರೇಸ್ ಶುರು ಮಾಡಿದ್ರು, ಯಾಕೆ ಗೊತ್ತಾ, ಬ್ರೆಟನ್ ಮಾಧ್ಯಮದ ದಿವಾನ್ ಶಾಲೆಗಳಿಗೆ ದುಡ್ಡು ಹೊಂದಿಸೋಕೆ. ಸೈಕಲ್ ರೇಸ್ ಮಾಡಿ ತಾಯ್ನುಡಿ ಶಾಲೆ ನಡೆಸೋದು! ನಮ್ಮ ಕಡೆ ಮಕ್ಕಳಿಲ್ಲ ಅಂತ ಕನ್ನಡ ಶಾಲೆಗಳಿಗೆ ಬೀಗ ಬೀಳೋದನ್ನ ನೋಡ್ತಾ ಇರೋ ನಂಗೆ ಈ ಐಡಿಯಾ ಹೊಟ್ಟೆಕಿಚ್ಚು ತರ್ಸುತ್ತೆ. ರೇಸಿನ ವಿಶೇಷ ಏನಂದ್ರೆ ದಾರಿ. ರಿಬಿನು ಅಂತ ಕರೀತಾರೆ, ಹೊಲದ ಮಧ್ಯೆ ಟ್ರ್ಯಾಕ್ಟರ್ ಹೋಗೋ ಮಣ್ಣು ಜಲ್ಲಿ ದಾರಿ, ನಡುವೆ ಹುಲ್ಲು ಬೆಳೆದಿರುತ್ತೆ, ಅದರ ಮೇಲೆ ಸಣ್ಣ ಟೈರಿನ ರೋಡ್ ಸೈಕಲ್ಲು. ಪಂಕ್ಚರ್ ಮೇಲೆ ಪಂಕ್ಚರ್. ಟೀಮ್ ಕಾರು ಸಿಕ್ಕಾಕ್ಕೊಂಡಿರುತ್ತೆ ಹಿಂದೆಲ್ಲೋ, ಇವನು ಚಕ್ರ ಎತ್ತಿ ಹಿಡ್ಕೊಂಡು ಬೇಲಿ ಪಕ್ಕ ನಿಂತಿರ್ತಾನೆ, ಮುಖದ ತುಂಬಾ ಧೂಳು. ಈಗ ಈ ರೇಸು 1.ಪ್ರೊ ದರ್ಜೆಗೆ ಏರಿದೆ, ಆದ್ರೂ ಬ್ರಿಟನಿಯ ಸವಾರರಲ್ಲಿ ಎಲ್ಲರಿಗಿಂತ ಮುಂದೆ ಬಂದೋನಿಗೆ ಬಹುಮಾನವಾಗಿ ಜೀವಂತ ಹಂದಿಮರಿ ಕೊಡೋದನ್ನ ಬಿಟ್ಟಿಲ್ಲ. ರೇಸ್ ಮುಗ್ಸಿ ಸುಸ್ತಾಗಿರೋ ಮನುಷ್ಯ, ಕೊಸರಾಡೋ ಹಂದಿಮರಿನ ಎತ್ಕೊಂಡು ಫೋಟೋಗೆ ನಿಲ್ಲೋದು, ಎರಡಕ್ಕೂ ಯಾಕಪ್ಪಾ ಇದು ಅನ್ನೋ ಮುಖ.

ಸಣ್ಣ ರೇಸು ಯಾಕೆ ನೋಡ್ತೀಯ ಅಂತ ಯಾರಾದ್ರೂ ಕೇಳಿದ್ರೆ, ನಾಳಿನ ಸ್ಟಾರ್‌ಗಳನ್ನ ಇವತ್ತೇ ನೋಡೋಕೆ ಅನ್ನೋದು ರೆಡಿ ಉತ್ತರ. ಸುಳ್ಳೇನಲ್ಲ. ಎಗಾನ್ ಬರ್ನಾಲ್ 2017ರಲ್ಲಿ ರೊಮೇನಿಯಾದ ಸಿಬಿಯು ಟೂರ್ ಗೆದ್ದಿದ್ದ, ಎರಡೇ ವರ್ಷಕ್ಕೆ ಟೂರ್ ಡಿ ಫ್ರಾನ್ಸ್ ಗೆದ್ದ. ಆಮೇಲೆ ದೊಡ್ಡ ಸ್ಟಾರ್ ಆದ ರೊಗ್ಲಿಚ್ 2015ರಲ್ಲಿ ಗೆದ್ದಿದ್ದು ಅಜರ್‌ಬೈಜಾನ್ ಟೂರು. ಬಿನಿಯಾಮ್ ಗಿರ್ಮಾಯ್ 2019ರಲ್ಲಿ ಗ್ಯಾಬನ್ ದೇಶದ ರೇಸಲ್ಲಿ ಸ್ಟೇಜ್ ಗೆದ್ದಾಗ 18 ವರ್ಷ, 2024ರ ಟೂರಲ್ಲಿ ಮೂರು ಸ್ಟೇಜು, ಸ್ಪ್ರಿಂಟ್ ಪಾಯಿಂಟಲ್ಲಿ ಮೊದಲು ಬಂದೋನಿಗೆ ಕೊಡೋ ಹಸಿರು ಜೆರ್ಸಿ. ಆದ್ರೆ ನಿಜ ಹೇಳ್ಬೇಕಂದ್ರೆ ನನಗೆ ಇಷ್ಟ ಆಗೋದು ಎಂದೂ ಸ್ಟಾರ್ ಆಗದೇ ಇರೋರು. 33 ವರ್ಷ ಆಗಿರುತ್ತೆ, ಹತ್ತು ಸೀಸನ್ ಓಡಿಸಿ ಎರಡೇ ಗೆಲುವು, ಆದ್ರೂ ಮಳೇಲಿ ಬೆಳಿಗ್ಗೆಯಿಂದ ಗುಂಪು ಬಿಟ್ಟು ಮುಂದೆ ಓಡ್ತಾ ಬ್ರೇಕ್‌ಅವೇಲಿ ಇರ್ತಾನೆ, ಇನ್ನೇನು ಮೂರು ಕಿಲೋಮೀಟರ್ ಅನ್ನೋವಾಗ ಪೆಲೊಟಾನ್, ಅಂದ್ರೆ ಹಿಂದಿನ ದೊಡ್ಡ ಗುಂಪು, ಬಂದು ನುಂಗಿ ಹಾಕುತ್ತೆ, ಮಾರನೇ ದಿನ ಮತ್ತೆ ಅದೇ ಬ್ರೇಕ್‌ಅವೇಲಿ ಅದೇ ಮುಖ. ಹೆಸರು ಹುಡುಕಿ ಇಟ್ಕೋತೀನಿ, ಮುಂದಿನ ರೇಸಲ್ಲಿ ಇದಾನಾ ಅಂತ ನೋಡ್ತೀನಿ.

ದೊಡ್ಡೋರು ಸಣ್ಣ ರೇಸಿಗೆ ಬಂದು ಆಟ ಕೆಡಿಸೋದೂ ಇದೆ. ಸ್ಪೇನಿನ ಗಲೀಸಿಯಾದಲ್ಲಿ ಓ ಗ್ರಾನ್ ಕಾಮಿನ್ಯೊ ಅಂತ ರೇಸ್, 2022ರಲ್ಲಿ ಶುರುವಾಗಿದ್ದು. 2023ರಲ್ಲಿ ವಿಂಗೆಗೋರ್ ಬಂದ, ಮೊದಲನೇ ಸ್ಟೇಜು ಹಿಮ ಬಿದ್ದು ರದ್ದಾಯ್ತು, ಉಳಿದ ಮೂರೂ ಸ್ಟೇಜನ್ನ ಅವನೇ ಗೆದ್ದ. ಮುಂದಿನ ವರ್ಷ ಮತ್ತೆ ಬಂದು ಮತ್ತೆ ಗೆದ್ದ. ಆರ್ಗನೈಸರ್‌ಗೆ ಪ್ರಚಾರ ಸಿಕ್ತು ಸರಿ, ನನಗಂತೂ ಬೋರು.

ಇನ್ನೊಂದು ಮುಖ ಇದೆ, ಅದನ್ನ ಬಿಟ್ಟು ಬರೀ ಹಂದಿಮರಿ ಕಥೆ ಹೇಳಿದ್ರೆ ಸರಿ ಹೋಗಲ್ಲ. ಸಣ್ಣ ರೇಸಿಗೆ ದುಡ್ಡು ಕಮ್ಮಿ, ದುಡ್ಡು ಕಮ್ಮಿ ಅಂದ್ರೆ ರೋಡಲ್ಲಿ ಪೊಲೀಸ್, ಮಾರ್ಷಲ್, ಬ್ಯಾರಿಕೇಡ್ ಎಲ್ಲಾ ಕಮ್ಮಿ. 2025ರ ಫೆಬ್ರವರೀಲಿ ಫ್ರಾನ್ಸಿನ ಎತ್ವಾಲ್ ಡಿ ಬೆಸೆಜ್ ರೇಸಲ್ಲಿ ಕೋರ್ಸ್ ಒಳಗೇ ಹೊರಗಿನ ಕಾರುಗಳು ನುಗ್ಗಿದ್ವು, ಮಾರನೇ ದಿನ ಹಲವು ದೊಡ್ಡ ಟೀಮುಗಳು ನಾವು ಓಡ್ಸಲ್ಲ ಅಂತ ವಾಪಸ್ ಹೋದ್ವು. ಹೋದ ಟೀಮುಗಳದ್ದು ತಪ್ಪು ಅಂತ ಯಾರಾದ್ರೂ ಅಂದ್ರೆ ನಾನು ಒಪ್ಪಲ್ಲ. 2024ರ ಜುಲೈಲಿ, ಎಲ್ರೂ ಟೂರ್ ನೋಡ್ತಿದ್ದಾಗ, ಆಸ್ಟ್ರಿಯಾ ಟೂರಲ್ಲಿ ಗ್ರೋಸ್‌ಗ್ಲಾಕ್ನರ್ ಬೆಟ್ಟ ಇಳಿಯೋವಾಗ ನಾರ್ವೆಯ ಆಂಡ್ರೆ ಡ್ರೇಗೆ ಬಿದ್ದು ತೀರ್ಕೊಂಡ, 25 ವರ್ಷ. ಆ ಸೀಸನ್ನಲ್ಲಿ ಅವನ ಹೆಸರು ರಿಸಲ್ಟ್ ಪಟ್ಟಿಗಳಲ್ಲಿ ಮೇಲೆ ಮೇಲೆ ಬರ್ತಾ ಇತ್ತು, ನಾನು ಗಮನಿಸ್ತಾ ಇದ್ದೆ. ಆ ವಾರ ಸೈಟ್ ಓಪನ್ ಮಾಡೋಕೇ ಮನಸ್ಸಾಗ್ಲಿಲ್ಲ. ಇನ್ನು ಡೋಪಿಂಗು. ಆಗಸ್ಟಿನ ಬಿಸಿಲಲ್ಲಿ ಪೋರ್ಚುಗಲ್ ದೇಶ ಸುತ್ತೋ ವೋಲ್ಟಾ, 1927ರಿಂದ ಇರೋ ರೇಸು, ಅದನ್ನ ವರ್ಷಗಟ್ಲೆ ಆಳಿದ ಡಬ್ಲ್ಯು52-ಎಫ್‌ಸಿ ಪೋರ್ಟೊ ಟೀಮಿನ ಮೇಲೆ 2022ರಲ್ಲಿ ಪೊಲೀಸ್ ತನಿಖೆ ನಡೆದು ಲೈಸೆನ್ಸೇ ಹೋಯ್ತು. ಈಗ್ಲೂ ವೋಲ್ಟಾ ನೋಡ್ತೀನಿ, ಆದ್ರೆ ಯಾರಾದ್ರೂ ತೀರಾ ಸಲೀಸಾಗಿ ಬೆಟ್ಟ ಹತ್ತಿದ್ರೆ ತಲೇಲಿ ಒಂದು ಹುಳ ಓಡಾಡುತ್ತೆ.

ಟೈಮ್ ವಿಷ್ಯದಲ್ಲಿ ನಮಗೆ ಅನುಕೂಲನೇ. ಯುರೋಪ್ ರೇಸು ಮುಗಿಯೋದು ನಮ್ಮ ರಾತ್ರಿ ಎಂಟೂವರೆ ಒಂಬತ್ತಕ್ಕೆ, ಮುದ್ದೆ ಸಾರು ಊಟದ ಹೊತ್ತು. ಮಲೇಷ್ಯಾದ ಲಂಕಾವಿ ಟೂರು ನಮಗಿಂತ ಎರಡೂವರೆ ಗಂಟೆ ಮುಂದೆ, ಅಂಗಡೀಲಿ ಗಿರಾಕಿ ಕಮ್ಮಿ ಇರೋವಾಗ ಗೆಂಟಿಂಗ್ ಹೈಲ್ಯಾಂಡ್ಸ್ ಏರು ಒಂದಿದ್ರೆ ಸಾಕು. ನೋಡೋಕೆ ಜಾಗ ಎಲ್ಲಿ ಅಂದ್ರೆ, ಜಿಸಿಎನ್ ಪ್ಲಸ್ ಅಂತ ಆಪ್ 2023ರ ಡಿಸೆಂಬರಲ್ಲಿ ಮುಚ್ಚಿದ್ಮೇಲೆ ಕಷ್ಟನೇ, ಕೆಲವು ಯೂಟ್ಯೂಬಲ್ಲಿ ಲೈವ್ ಬರ್ತವೆ, ಕೆಲವಕ್ಕೆ ಬರೀ ಅಕ್ಷರದ ಲೈವ್ ಅಪ್ಡೇಟು ರಿಫ್ರೆಶ್ ಮಾಡ್ಕೊಂಡು ಕೂರ್ಬೇಕು. ಕಾಮೆಂಟರಿ ಯಾವ ಭಾಷೇಲಿದ್ರೂ ತೊಂದ್ರೆ ಇಲ್ಲ, ಕೊನೇ ಕಿಲೋಮೀಟರಲ್ಲಿ ಎಲ್ರೂ ಕೂಗಾಡೋದು ಒಂದೇ ಥರ.

ಹೊಸಬರು ಶುರು ಮಾಡೋದಾದ್ರೆ ರ್ವಾಂಡಾದಿಂದ ಶುರು ಮಾಡಿ, ಆಮೇಲೆ ಟ್ರೋ-ಬ್ರೋ ಲೆಯೋನ್, ಜುಲೈಲಿ ಟೂರ್ ಜೊತೆಜೊತೆಗೇ ಚೀನಾದ ಚಿಂಗ್‌ಹಾಯ್ ಸರೋವರದ ರೇಸು, ಸರೋವರಾನೇ 3000 ಮೀಟರ್‌ಗಿಂತ ಮೇಲಿದೆ, ಅಕ್ಟೋಬರಲ್ಲಿ ಉತ್ಸುನೊಮಿಯಾದ ಜಪಾನ್ ಕಪ್. ಮತ್ತೆ ಪುಣೆ ಇದೆಯಲ್ಲ, 2026ರ ಜನವರೀಲಿ ಪುಣೆ ಗ್ರ್ಯಾಂಡ್ ಟೂರ್ ಅಂತ 2.2 ದರ್ಜೆ ಸ್ಟೇಜ್ ರೇಸು ನಮ್ಮ ದೇಶದಲ್ಲೇ ನಡೀತು, ಐದು ದಿನ. ದರ್ಜೆ ಕೆಳಗಿನದ್ದೇ, ಅದಕ್ಕೇ ನನಗೆ ಆಸೆ ಜಾಸ್ತಿ. ಮುಂದಿನ ಸಲ ಆದ್ರೆ ರೋಡ್ ಪಕ್ಕ ನಿಂತು ನೋಡ್ಬೇಕು ಅಂತ ನಮ್ಮ ಭಾವನ್ನ ಒಪ್ಪಿಸ್ತಾ ಇದ್ದೀನಿ, ಗಾಡಿ ಅವರದ್ದು, ಆ ವಾರ ದ್ರಾಕ್ಷಿ ಕಟಾವು ಬರದಿದ್ರೆ ನೋಡೋಣ ಅಂದಿದ್ದಾರೆ.