ಗೆರೆ ಪರರದು, ನಾಡು ತಮ್ಮದು: ಆಫ್ರಿಕಾದ ಗುರುತು

ಮುಂಬಯಿ ರಾಜ್ಯದಲ್ಲಿದ್ದ ವಿಜಯಪುರ, ಧಾರವಾಡ ಮತ್ತು ಚಂದಗಡ ತಾಲೂಕನ್ನುಳಿದ ಬೆಳಗಾವಿ 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿದವು. ಬ್ರಿಟಿಷರ ಕಾಲದ ಆಡಳಿತದ ಗೆರೆಗಳನ್ನು ಅಳಿಸಿ ಜನರ ನುಡಿಗೆ ತಕ್ಕಂತೆ ಎಲ್ಲೆ ಹಾಕಿಕೊಳ್ಳುವ ಅವಕಾಶ, ಅದರ ತಕರಾರುಗಳು ಇಂದಿಗೂ ಮುಗಿಯದಿದ್ದರೂ, ನಮಗೆ ಒದಗಿತು. ಆಫ್ರಿಕಾಕ್ಕೆ ಒದಗಲಿಲ್ಲ. ಆ ಖಂಡದ ಇಂದಿನ ಸ್ವರೂಪ ಅರ್ಥವಾಗಬೇಕಾದರೆ ಇಲ್ಲಿಂದಲೇ ಆರಂಭಿಸಬೇಕೆಂಬುದು ನನ್ನ ಅಭಿಪ್ರಾಯ.

1884–85ರ ಬರ್ಲಿನ್ ಸಮ್ಮೇಳನದಲ್ಲಿ ಯುರೋಪಿನ ರಾಷ್ಟ್ರಗಳು ಆಫ್ರಿಕಾವನ್ನು ವಶಪಡಿಸಿಕೊಳ್ಳುವ ನಿಯಮಗಳನ್ನು ಒಪ್ಪಿಕೊಂಡಾಗ ಅಲ್ಲಿನ ಒಬ್ಬ ಅರಸನಿಗೂ ಕರೆ ಹೋಗಿರಲಿಲ್ಲ. ಮುಂದೆ ಎಳೆದ ಗೆರೆಗಳಿಂದ ಸೊಮಾಲಿ ಮಾತನಾಡುವ ಜನ ಬ್ರಿಟನ್, ಇಟಲಿ, ಫ್ರಾನ್ಸ್ ಮತ್ತು ಇಥಿಯೋಪಿಯಗಳ ಆಳ್ವಿಕೆಯಲ್ಲಿ ಹಂಚಿಹೋದರು. ಸ್ವಾತಂತ್ರ್ಯ ಬಂದ ಮೇಲೆ, 1964ರಲ್ಲಿ, ಆಫ್ರಿಕಾದ ನಾಯಕರು ಕೈರೋದಲ್ಲಿ ಸೇರಿ ಆ ಗೆರೆಗಳನ್ನೇ ಉಳಿಸಿಕೊಳ್ಳಲು ತೀರ್ಮಾನಿಸಿದರು. ಸೊಮಾಲಿಯ ಮತ್ತು ಮೊರಾಕ್ಕೊ ಒಪ್ಪಲಿಲ್ಲ. ಒಂದನ್ನು ಕದಲಿಸಿದರೆ ಎಲ್ಲ ಗಡಿಗಳಲ್ಲೂ ಯುದ್ಧ ಹೊತ್ತಿಕೊಳ್ಳುತ್ತದೆಂಬ, ಗೆರೆಗಳನ್ನು ಉಳಿಸಿಕೊಂಡ ನಾಯಕರ ಅಂಜಿಕೆ ಸಕಾರಣವಾಗಿತ್ತೆಂದೇ ನಾನು ತಿಳಿಯುತ್ತೇನೆ.

ಹಾಗಾಗಿ ಪರರು ಹಾಕಿದ ಎಲ್ಲೆಯೊಳಗೆ ತಮ್ಮ ಚರಿತ್ರೆಯನ್ನು ತುಂಬುವ ಕೆಲಸ ಅವರ ಪಾಲಿಗೆ ಬಂತು. ಇದಕ್ಕೆ ಜಿಂಬಾಬ್ವೆಯಷ್ಟು ಸ್ಪಷ್ಟವಾದ ಉದಾಹರಣೆ ಮತ್ತೊಂದಿಲ್ಲ. ಅಲ್ಲಿನ ಗ್ರೇಟ್ ಜಿಂಬಾಬ್ವೆ ಎಂಬ ಪಾಳುನಗರದ ಕಲ್ಲಿನ ಗೋಡೆಗಳು ಕೆಲವೆಡೆ ಸುಮಾರು 11 ಮೀಟರ್ ಎತ್ತರಕ್ಕೆ ನಿಂತಿವೆ; ಗೋಲಗುಂಬಜದ ಗಾರೆಯನ್ನು ಕಂಡು ಬೆಳೆದ ನಮಗೆ, ಹಿಡಿ ಗಾರೆಯೂ ಇಲ್ಲದೆ ಕಲ್ಲಿನ ಮೇಲೆ ಕಲ್ಲು ಕೂಡಿಸಿದ ಆ ಕೈಚಳಕ ಬೆರಗು ಹುಟ್ಟಿಸುತ್ತದೆ. ಅದನ್ನು ಕಟ್ಟಿದವರು ಶೋನಾ ಜನರ ಪೂರ್ವಜರು ಎಂಬುದನ್ನು ಒಪ್ಪಲು ಆಗ ರೊಡೇಷಿಯ ಎನಿಸಿಕೊಂಡಿದ್ದ ಆ ದೇಶದ ಬಿಳಿಯರ ಸರ್ಕಾರಕ್ಕೆ ಮನಸ್ಸಿರಲಿಲ್ಲ. 1980ರಲ್ಲಿ ದೇಶ ಆ ಪಾಳುನಗರದ ಹೆಸರನ್ನೇ ಇಟ್ಟುಕೊಂಡಿತು. ಅಲ್ಲಿ ದೊರೆತ, ಬಳಪದ ಕಲ್ಲಿನಲ್ಲಿ ಕಡೆದ ಹಕ್ಕಿಯನ್ನು ಧ್ವಜದ ಮೇಲೆ ಏರಿಸಿತು.

ಆಫ್ರಿಕಾಕ್ಕೆ ಚರಿತ್ರೆಯೇ ಇಲ್ಲವೆಂದು ಯುರೋಪಿನ ಪಂಡಿತರು ಬರೆಯುವುದಕ್ಕೆ ಬಹಳ ಮೊದಲೇ ವಿಜಯಪುರದ ದರ್ಬಾರಿನಲ್ಲಿ ಆಫ್ರಿಕಾ ಮೂಲದ ಇಖ್ಲಾಸ್ ಖಾನ್ ಪ್ರಧಾನನಾಗಿದ್ದನು. ಸುಮಾರು 1645ರ ಚಿತ್ರವೊಂದರಲ್ಲಿ ಆತ ಮೊಹಮ್ಮದ್ ಆದಿಲ್‌ಶಾಹನ ಬೆನ್ನಿಗೇ, ಅದೇ ಆನೆಯ ಮೇಲೆ ಕುಳಿತಿದ್ದಾನೆ. ನಮ್ಮ ಶಾಲೆಗಳ ಮಕ್ಕಳಿಗೆ ಈ ಚಿತ್ರವನ್ನು ತೋರಿಸಲೇಬೇಕು.

ಭಾಷೆಯ ವಿಷಯದಲ್ಲಿ ಕೆಲಸ ಇನ್ನೂ ಅರ್ಧದಲ್ಲಿದೆ. ನೂರಕ್ಕೂ ಹೆಚ್ಚು ನುಡಿಗಳಿರುವ ಟಾಂಜಾನಿಯವನ್ನು ಅದರ ಮೊದಲ ಅಧ್ಯಕ್ಷ ಜೂಲಿಯಸ್ ನೈರೇರೆ ಸ್ವಾಹಿಲಿಯ ಮೂಲಕ ಒಂದುಗೂಡಿಸಿದರು. 2022ರಲ್ಲಿ ಆಫ್ರಿಕಾ ಒಕ್ಕೂಟವೂ ಅದನ್ನು ತನ್ನ ಕಾರ್ಯಭಾಷೆಯಾಗಿ ಸ್ವೀಕರಿಸಿತು. ಆದರೆ ಅದೇ ಟಾಂಜಾನಿಯದ ಸರ್ಕಾರಿ ಶಾಲೆಯ ಮಗು ಪ್ರಾಥಮಿಕ ಹಂತವನ್ನು ಸ್ವಾಹಿಲಿಯಲ್ಲಿ ಮುಗಿಸಿ ಪ್ರೌಢಶಾಲೆಗೆ ಹೋದರೆ, ವಿಜ್ಞಾನವನ್ನೂ ಗಣಿತವನ್ನೂ ಇಂಗ್ಲಿಷಿನಲ್ಲಿಯೇ ಕಲಿಯಬೇಕಾಗಿದೆ.