ನಿಂತವು, ಹೋದವು

ಶನಿವಾರ ಬೆಳಿಗ್ಗೆ 8ಕ್ಕೆ ಫೋನ್ ಬಂದಾಗ ಅಪ್ಪ ಕಾಫಿ ಕುಡಿಯುತ್ತಿದ್ದರು. ಅವರು 38 ವರ್ಷ ನಕ್ಷೆ ಬರೆಯುವ ಡ್ರಾಫ್ಟ್ಸ್‌ಮನ್ ಆಗಿದ್ದ ಕಚೇರಿಯ ಯಜಮಾನರ ಮಗಳು ಮಾತನಾಡಿದರು. ಆರ್ಕಿಟೆಕ್ಟ್ ಆಗಿದ್ದ ಯಜಮಾನರು ತೀರಿಕೊಂಡು 11 ವರ್ಷವಾಯಿತು. ಬಸವನಗುಡಿಯ ಮನೆ ಮಾರಾಟವಾಗಿದೆ, ಖಾಲಿ ಮಾಡಿಕೊಡಲು ಮಗಳು ವಿದೇಶದಿಂದ ಬಂದಿದ್ದಾರೆ. "ಗ್ಯಾರೇಜಿನ ತುಂಬ ಅಪ್ಪನ ಡ್ರಾಯಿಂಗುಗಳೇ ಇವೆ. ಸಂಜೆ 4ಕ್ಕೆ ಗುಜರಿಯವರು ಬರುತ್ತಾರೆ. ಅಂಕಲ್‌ಗೆ ಏನಾದರೂ ಬೇಕಿದ್ದರೆ ಅಷ್ಟರೊಳಗೆ ಬಂದು ತೆಗೆದುಕೊಳ್ಳಲಿ" ಎಂದರು. ಅವರ ದನಿಯಲ್ಲಿ ಅಸಡ್ಡೆ ಇರಲಿಲ್ಲ, ಸೋತ ದಣಿವಿತ್ತು. ಒಂದು ಕಾಲೇಜಿನ ಗ್ರಂಥಾಲಯದವರು ಜಾಗವಿಲ್ಲ ಎಂದಿದ್ದರಂತೆ. ಇನ್ನೊಂದು ಕಡೆಯವರು ಉತ್ತರವನ್ನೇ ಕೊಟ್ಟಿರಲಿಲ್ಲವಂತೆ.

ಅಪ್ಪನಿಗೀಗ 81. ಮಂಡಿನೋವಿನಿಂದಾಗಿ ಹಾಲಿನ ಬೂತಿಗೂ ಹೋಗುವುದಿಲ್ಲ. ಆವತ್ತು ಮಾತಿಲ್ಲದೆ ಎದ್ದು ಒಳಗೆ ಹೋಗಿ ಭೂತಗನ್ನಡಿಯನ್ನೂ ಒಂದು ಹಳೆಯ ಕುಂಚವನ್ನೂ ತಂದರು. ಅದು ಬಣ್ಣ ಹಚ್ಚುವ ಕುಂಚವಲ್ಲ. ರಬ್ಬರಿನಿಂದ ಅಳಿಸಿದಾಗ ಉಳಿಯುವ ಚೂರುಗಳನ್ನು, ಬೆವರಿದ ಕೈ ಹಾಳೆಗೆ ತಾಗದ ಹಾಗೆ, ಗುಡಿಸಿ ಹಾಕುವ ಕುಂಚ. ನಿವೃತ್ತಿಯಾಗಿ ಇಷ್ಟು ವರ್ಷವಾದರೂ ಅದನ್ನು ಎಲ್ಲಿಟ್ಟಿದ್ದರೋ ನನಗೆ ತಿಳಿದಿರಲಿಲ್ಲ.

ಗ್ಯಾರೇಜಿನಲ್ಲಿ ಕಾರು ನಿಂತು ಎಷ್ಟೋ ಕಾಲವಾಗಿತ್ತು. ಮೂರು ಗೋಡೆಗೂ ಕಬ್ಬಿಣದ ಅಟ್ಟಣಿಗೆ, ಅದರ ತುಂಬ ಸುರುಳಿಗಳು. ಕೆಲವು ತಗಡಿನ ಕೊಳವೆಯಲ್ಲಿದ್ದವು, ಕೆಲವನ್ನು ಲಾಡಿಯಿಂದ ಕಟ್ಟಲಾಗಿತ್ತು. ಮೂಲೆಯಲ್ಲೊಂದು ಗೆದ್ದಲಿನ ಗೆರೆ ಗೋಡೆಯಿಂದ ಇಳಿದು ಕೆಳಗಿನ ಸಾಲನ್ನು ಆಗಲೇ ಮುಟ್ಟಿತ್ತು. ಮೇಲೆದ್ದ ಧೂಳಿಗೆ ನಾನು ಕೆಮ್ಮುತ್ತಿದ್ದರೆ ಅಪ್ಪ ಮೊದಲ ಸುರುಳಿಯನ್ನು ಮೂಗಿಗೆ ಹಿಡಿದು, "ಅಮೋನಿಯಾ ಪ್ರಿಂಟು" ಎಂದರು. ಅಮೋನಿಯಾ ಹಬೆಯಲ್ಲಿ ಗೆರೆ ಮೂಡಿಸಿದ ನಕಲು ಅದು. ನನಗೆ ಯಾವ ವಾಸನೆಯೂ ಬರಲಿಲ್ಲ.

ಸುಮಾರು 300 ಸುರುಳಿಗಳಿದ್ದವು. ತ್ಯಾಗರಾಜನಗರದಲ್ಲಿರುವ ನಮ್ಮದು ಎರಡು ಕೋಣೆಯ ಮನೆ. ಮಂಚದ ಕೆಳಗೆ, ಅಲ್ಮೇರಾದ ಮೇಲೆ, ದೇವರ ಕೋಣೆಯ ಅಟ್ಟದಲ್ಲಿ ಎಲ್ಲ ಲೆಕ್ಕ ಹಾಕಿದರೂ 40ಕ್ಕಿಂತ ಹೆಚ್ಚು ಹಿಡಿಸುವುದಿಲ್ಲ ಎಂದು ಅಪ್ಪನೇ ಹೇಳಿದರು. ಯಾವ 40 ಎನ್ನುವುದೇ ಆ ದಿನದ ಜಗಳವಾಯಿತು.

ನಾನು ಚೆಂದದವನ್ನು ಎತ್ತಿಡುತ್ತಿದ್ದೆ. ಬಾಗಿದ ಸಜ್ಜಾ, ಕಿಟಕಿಯ ಮೇಲಿನ ಚೂಪು ತಲೆಯ ಮರದ ಮಂಕಿ ಟಾಪ್, ಗೇಟಿನ ಪಕ್ಕದ ಸಂಪಿಗೆ ಮರದ ಒಂದೊಂದು ಎಲೆಯನ್ನೂ ಇಂಕಿನಲ್ಲಿ ತೋರಿಸಿದ ಎಲಿವೇಷನ್‌ಗಳು, ಅಂದರೆ ಮನೆಯ ಮುಂಭಾಗದ ಚಿತ್ರಗಳು. ಅಪ್ಪ ಅವನ್ನು ತೆಗೆದು ಆಚೆಗಿಟ್ಟು, ಬರೀ ಗೆರೆ ಮತ್ತು ಅಂಕಿಗಳಿರುವ ಹಾಳೆಗಳನ್ನು ಉಳಿಸುತ್ತಿದ್ದರು. ಅಡಿಪಾಯ, ಕಬ್ಬಿಣದ ವಿವರ, ನೀರಿನ ಕೊಳವೆ, ಒಳಚರಂಡಿ.

"ಮುಂಭಾಗ ರಸ್ತೆಯಲ್ಲಿ ನಿಂತರೆ ಕಾಣುತ್ತದೆ. ಅದಕ್ಕೆ ಕಾಗದ ಯಾಕೆ? ನೆಲದೊಳಗೆ ಹೋಗಿದ್ದನ್ನು ಈ ಹಾಳೆ ಬಿಟ್ಟರೆ ಹೇಳುವವರಿಲ್ಲ ಕಣಮ್ಮ" ಎಂದರು.

"ರಸ್ತೆಯಲ್ಲಿ ನಿಂತರೆ ಕಾಣುವುದಕ್ಕೆ ಮನೆ ಇರಬೇಕಲ್ಲ ಅಪ್ಪ? ಕೆಡವಿದ್ದರೆ?"

ಅವರ ಕುಂಚ ನಿಂತಿತು. ಅಲ್ಲಿಂದ ಲೆಕ್ಕವೇ ಬದಲಾಯಿತು. ನಿಂತ ಮನೆಗಳಿಗೆ ಅವರ ನಿಯಮ, ಹೋದ ಮನೆಗಳಿಗೆ ನನ್ನ ನಿಯಮ. ಯಾವುದು ನಿಂತಿದೆ, ಯಾವುದು ಹೋಗಿದೆ ಎಂದು ನೋಡಿ ಬರಲು ಸ್ಕೂಟರ್ ಇದ್ದದ್ದು ನನ್ನ ಬಳಿ. ಹತ್ತಿರದ 17 ವಿಳಾಸಗಳನ್ನು ಬರೆದುಕೊಂಡು, ಹಾಳೆಗಳ ಫೋಟೊ ತೆಗೆದುಕೊಂಡು ಹೊರಡುವುದೆಂದಾಯಿತು.

ವಿಳಾಸ ಬರೆದುಕೊಳ್ಳುವಾಗಲೇ ಅರ್ಧ ಗಂಟೆ ಕಳೆಯಿತು, ಏಕೆಂದರೆ ಪ್ರತಿ ಹಾಳೆಗೂ ಅಪ್ಪನ ಬಳಿ ಒಂದು ಮಾತಿತ್ತು. 8 ಅಡಿಗೆ 1 ಇಂಚು ಎಂದು ಅಳತೆ ಇದ್ದರೆ ಹಳೆಯದು, 1:100 ಎಂದಿದ್ದರೆ ಮೀಟರು ಬಂದ ಮೇಲಿನದು. ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡಿನ ಮೊಹರು ಇದ್ದರೆ 1976ಕ್ಕೂ ಹಿಂದಿನದು, ಆ ವರ್ಷ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ) ಬಂತು. ನೀಲಿ ಹಾಳೆಯ ಮೇಲೆ ಬಿಳಿ ಗೆರೆಯ ಬ್ಲೂಪ್ರಿಂಟ್‌ಗಳನ್ನು ಅಮೋನಿಯಾ ಪ್ರಿಂಟುಗಳ ಜೊತೆ ಸುತ್ತಬಾರದು. ಬ್ಲೂಪ್ರಿಂಟ್‌ನ ಆ ನೀಲಿ 1842ರಲ್ಲಿ ಜಾನ್ ಹರ್ಷೆಲ್ ಕಂಡುಹಿಡಿದ ವಿಧಾನದಲ್ಲಿ ಕಬ್ಬಿಣದ ಲವಣಗಳಿಂದ ಮೂಡುವ ಬಣ್ಣ, ಅಮೋನಿಯಾದಂಥ ಕ್ಷಾರ ತಾಗಿದರೆ ಮಾಸಿಹೋಗುತ್ತದೆ. ಅಮೋನಿಯಾ ಪ್ರಿಂಟಿಗೆ ಬೆಳಕೇ ಶತ್ರು. ಇವೆರಡಕ್ಕಿಂತ ಗಟ್ಟಿಯಾದದ್ದು ಟ್ರೇಸಿಂಗ್ ಬಟ್ಟೆ. ಯಜಮಾನರ ಮೊದಲ ಕೆಲಸಗಳೆಲ್ಲ ಅದರ ಮೇಲೆಯೇ ಇದ್ದವು. ತೆಳ್ಳನೆಯ ನೇಯ್ಗೆಗೆ ಗಂಜಿ ಹಾಕಿ ಗಾಜಿನಂತೆ ನಯಗೊಳಿಸಿದ ಬಟ್ಟೆ ಅದು. ತಪ್ಪಾದ ಗೆರೆಯನ್ನು ಬ್ಲೇಡಿನಿಂದ ಕೆರೆದ ಕಡೆ ಬೆರಳಿಟ್ಟರೆ ಇಂದಿಗೂ ತರಿತರಿ ತಿಳಿಯುತ್ತದೆ. ಹಾಳಾದ ತುಂಡುಗಳನ್ನು ಅಪ್ಪ ಮನೆಗೆ ತರುತ್ತಿದ್ದರು. ಅಮ್ಮ ಬಿಸಿನೀರಿನಲ್ಲಿ ನೆನೆಸಿ ಗಂಜಿ ಬಿಡಿಸಿದರೆ ಮಲ್ಲಿನಂಥ ಮೆತ್ತನೆಯ ಬಟ್ಟೆ ಉಳಿಯುತ್ತಿತ್ತು. ನಾನು ಹುಟ್ಟಿದಾಗ ಹಾಕಿದ ಮೊದಲ ಅಂಗಿ ಅದರಲ್ಲಿಯೇ ಹೊಲಿದದ್ದು. ಈ ಕಥೆಯನ್ನು ಮನೆಯಲ್ಲಿ ನೂರು ಸಲ ಕೇಳಿದ್ದೆ. ಬಟ್ಟೆಯನ್ನು ಕೈಯಲ್ಲಿ ಹಿಡಿದದ್ದು ಅದೇ ಮೊದಲು.

ಹೊರಟಾಗ 12 ದಾಟಿತ್ತು. ಕೃಷ್ಣರಾವ್ ಪಾರ್ಕಿನ ಪಕ್ಕದಲ್ಲಿ ಹಾದು ಹೋದೆ. ಅಲ್ಲಿಯ ಮಂಟಪವನ್ನು ವಿನ್ಯಾಸ ಮಾಡಿದವರು ಒಟ್ಟೊ ಕೋನಿಗ್ಸ್‌ಬರ್ಗರ್. 1908ರಲ್ಲಿ ಬರ್ಲಿನ್‌ನಲ್ಲಿ ಹುಟ್ಟಿ, ನಾಜಿಗಳಿಂದಾಗಿ ದೇಶ ಬಿಟ್ಟು, ಈಜಿಪ್ಟಿನಲ್ಲಿ ಕೆಲವು ವರ್ಷ ಕಳೆದು, 1939ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾಗಿ ಇಲ್ಲಿಗೆ ಬಂದವರು. ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯ ಲೋಹಶಾಸ್ತ್ರ ಮತ್ತು ವಿಮಾನಶಾಸ್ತ್ರ ವಿಭಾಗಗಳ ಕಟ್ಟಡಗಳು ಅವರವೇ. ಭುವನೇಶ್ವರದ ನಕ್ಷೆ ಹಾಕಿದ್ದೂ ಅವರು. ಆಮೇಲೆ ಲಂಡನ್ನಿಗೆ ಹೋಗಿ ಉಷ್ಣವಲಯದ ಕಟ್ಟಡಗಳ ಪಾಠ ಹೇಳಿದರು. ಬಿಸಿಲು, ಗಾಳಿ, ನೆರಳು ನೋಡಿ ಗೋಡೆ ಎಬ್ಬಿಸುವ ಆ ಪಾಠದ ಬಹುಭಾಗವನ್ನು ಅವರು ಕಲಿತದ್ದು ನಮ್ಮ ಊರಿನ ಬಿಸಿಲಿನಲ್ಲಿಯೇ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. ಆ ಪಾರ್ಕಿನಲ್ಲಿ ದಿನಾ ವಾಕಿಂಗ್ ಮಾಡುವವರನ್ನು ಕೇಳಿದರೆ ಒಬ್ಬರಾದರೂ ಅವರ ಹೆಸರು ಹೇಳಿಯಾರೇ? ವಿಧಾನಸೌಧ ಎಂದೊಡನೆ ಕೆಂಗಲ್ ಹನುಮಂತಯ್ಯನವರ ಹೆಸರು ಬರುತ್ತದೆ, ಬರಬೇಕಾದದ್ದೇ. ಅದರ ವಿನ್ಯಾಸದ ಹೊಣೆ ಹೊತ್ತಿದ್ದ ಬಿ.ಆರ್. ಮಾಣಿಕಂ ಹೆಸರು ಅಷ್ಟು ಸುಲಭವಾಗಿ ನಾಲಗೆಗೆ ಬರುವುದಿಲ್ಲ. ಇಷ್ಟು ದೊಡ್ಡವರ ಕಥೆಯೇ ಹೀಗಾದರೆ ಜಯನಗರದ 40×60 ಸೈಟುಗಳಲ್ಲಿ ಮನೆ ಕಟ್ಟಿಸಿದ ನಮ್ಮ ಯಜಮಾನರನ್ನು ಯಾರು ನೆನೆಯಬೇಕು?

ಮೊದಲ ನಾಲ್ಕು ವಿಳಾಸಗಳೂ ಹೋಗಿದ್ದವು. ಚಾಮರಾಜಪೇಟೆಯಲ್ಲಿ ಒಂದು ಮನೆಯ ಜಾಗದಲ್ಲಿ ಐದು ಅಂತಸ್ತಿನ ಅಪಾರ್ಟ್‌ಮೆಂಟ್ ಎದ್ದಿತ್ತು, ಹಳೆಯ ಕಾಂಪೌಂಡಿನ ಒಂದು ಗೇಟುಗಂಬ ಮಾತ್ರ ಉಳಿದಿತ್ತು. ಕಂಬದ ತಲೆಯ ಮೇಲೆ ಕಲ್ಲಿನ ಗುಂಡು. ಮೊಬೈಲ್ ತೆಗೆದು ನೋಡಿದೆ. ಎಲಿವೇಷನ್‌ನ ಎಡತುದಿಯಲ್ಲಿ ಅದೇ ಗುಂಡು, 9 ಇಂಚು ವ್ಯಾಸ ಎಂದು ಅಪ್ಪನ ಅಕ್ಷರದಲ್ಲಿ ಬರೆದಿತ್ತು. ಆ ಕಂಬದ ಪಕ್ಕದಲ್ಲಿ ಇರಬೇಕಾಗಿದ್ದ ಜಗುಲಿ, ಮರದ ಜಾಲರಿ, ಎರಡು ಕಿಟಕಿಗಳೆಲ್ಲ ನನ್ನ ಅಂಗೈಯಲ್ಲಿ ಮಾತ್ರ ಇದ್ದವು. ಸ್ಕೂಟರಿನ ಮೇಲೆ ಕುಳಿತೇ ಅತ್ತುಬಿಟ್ಟೆ.

ಐದನೆಯದು ಜಯನಗರದ ಮನೆ. ನಿಂತಿತ್ತು. ಗೇಟಿನ ಮುಂದೆ ನಾನು ಮೊಬೈಲನ್ನೂ ಮನೆಯನ್ನೂ ಬದಲಿಸಿ ಬದಲಿಸಿ ನೋಡುವುದನ್ನು ಕಂಡು ಹಿರಿಯರೊಬ್ಬರು ಹೊರಗೆ ಬಂದು, "ಯಾರು ಬೇಕಮ್ಮ? ಈ ಮನೆ ಮಾರುವುದಕ್ಕಿಲ್ಲ" ಎಂದರು. ದಿನಕ್ಕೆ ಎಷ್ಟು ದಲ್ಲಾಳಿಗಳಿಗೆ ಈ ಮಾತು ಹೇಳಿರುತ್ತಾರೋ. ನಾನು ಬಂದ ಕಾರಣ ಹೇಳಿ ಪ್ಲಾನ್ ತೋರಿಸಿದೆ. ಅವರು ಕನ್ನಡಕ ಸರಿಮಾಡಿಕೊಂಡು, ಅಡುಗೆಮನೆಯನ್ನು ಬೆರಳಿನಿಂದ ಮುಟ್ಟಿ, ಕೂಡಲೇ ಕೇಳಿದ್ದು ಒಂದೇ ಪ್ರಶ್ನೆ: "ಚರಂಡಿ ಎಲ್ಲಿ ಹೋಗಿದೆ ಅಂತ ಇದರಲ್ಲಿ ಇದೆಯೇನಮ್ಮ?"

ಬಚ್ಚಲ ನೀರು ಕಟ್ಟಿಕೊಂಡು ತಿಂಗಳಾಗಿತ್ತಂತೆ. ಪ್ಲಂಬರ್ ಮೂರು ಕಡೆ ನೆಲ ಒಡೆದಿದ್ದರೂ ಕೊಳವೆಗಳು ಸೇರುವ ಹಳೆಯ ಗುಂಡಿ, ಚೇಂಬರ್, ಸಿಕ್ಕಿರಲಿಲ್ಲ. ಅಪ್ಪನಿಗೆ ಫೋನ್ ಮಾಡಿದೆ. ಕಾಗದ ಬಿಡಿಸುವ ಸದ್ದು ಕೇಳಿಸಿತು. ಆಮೇಲೆ ಅಪ್ಪನ ದನಿ, ಕಚೇರಿಯ ದನಿ: "ಬಚ್ಚಲ ಗೋಡೆಯ ಹೊರಮೈಯಿಂದ 2 ಅಡಿ 3 ಇಂಚು, ಹಿಂದಿನ ಮೂಲೆಯಿಂದ 6 ಅಡಿ. ಅಳೆದು ನೋಡಲು ಹೇಳು." ಆ ಜಾಗದ ಮೇಲೆ ಈಚೆಗೆ ಟೈಲ್ಸ್ ಹಾಕಿಸಿದ್ದರು. ಅವರು ಟೇಪು ತಂದರು, ನಾನು ಅಳೆದೆ, ಅವರು ಊರುಗೋಲಿನಿಂದ ತಟ್ಟಿದರು. ಸುತ್ತ ಎಲ್ಲ ಗಟ್ಟಿ ಸದ್ದು. ಅಲ್ಲಿ ಮಾತ್ರ ಮಡಕೆ ತಟ್ಟಿದಂತೆ ಟೊಳ್ಳು ಸದ್ದು. ಅವರು ಫೋನ್ ಕಸಿದುಕೊಂಡು ಅಪ್ಪನಿಗೆ, "ಸ್ವಾಮಿ, ಇಷ್ಟು ವರ್ಷ ನೀವು ಎಲ್ಲಿದ್ದಿರಿ?" ಎಂದು ಕೇಳಿದರು. ಅಪ್ಪ ಏನು ಹೇಳಿದರೋ ನನಗೆ ಕೇಳಿಸಲಿಲ್ಲ.

17ರಲ್ಲಿ 5 ನಿಂತಿದ್ದವು. ಗ್ಯಾರೇಜಿಗೆ ಮರಳಿದಾಗ 3 ಗಂಟೆ.

ಅಪ್ಪ ಎರಡು ರಾಶಿ ಮಾಡಿಟ್ಟು ಕಾಯುತ್ತಿದ್ದರು. ಯಜಮಾನರ ಮಗಳೂ ಅವರ ಎದುರು ನೆಲದ ಮೇಲೆ ಕುಳಿತು ಲಾಡಿ ಕಟ್ಟುತ್ತಿದ್ದರು. ಚಾರ್ಲ್ಸ್ ಕೊರಿಯಾ ತಮ್ಮ 6000ಕ್ಕೂ ಹೆಚ್ಚು ನಕ್ಷೆಗಳನ್ನು 2013ರಲ್ಲಿ ಲಂಡನ್ನಿನ ವಾಸ್ತುಶಿಲ್ಪಿಗಳ ರಾಯಲ್ ಸಂಸ್ಥೆಗೆ ಕೊಟ್ಟ ಸುದ್ದಿಯನ್ನು ಅವರು ನೆನಪಿಸಿದರು. ನಮ್ಮ ವಿಶ್ವೇಶ್ವರಯ್ಯ ಟವರ್ ಕಟ್ಟಿದ ಆ ಕೊರಿಯಾ ಅವರೇ. ಚಂಡೀಗಡಕ್ಕಾಗಿ ವರ್ಷಗಟ್ಟಲೆ ದುಡಿದ ಪಿಯರ್ ಜೆನೆರೆ ಅವರ ಕಾಗದಗಳು ಕೆನಡಾದ ಮಾಂಟ್ರಿಯಲ್‌ನಲ್ಲಿವೆ. ದೂರವಾದರೂ ಅವು ಸುರಕ್ಷಿತವಾಗಿವೆ, ಕೇಳಿದವರಿಗೆ ತೋರಿಸುತ್ತಾರೆ, ಅದಕ್ಕೆ ನನ್ನ ತಕರಾರಿಲ್ಲ. ದೆಹಲಿಯಲ್ಲಿ ವಾಸ್ತುಶಿಲ್ಪಿ ರಾಜ್ ರೇವಾಲ್ ಅವರ ಹಾಲ್ ಆಫ್ ನೇಷನ್ಸ್ ಎಂಬ ಪ್ರದರ್ಶನ ಸಭಾಂಗಣವನ್ನು 2017ರ ಏಪ್ರಿಲ್‌ನಲ್ಲಿ ಕೆಡವಿದಾಗ ದೇಶದ ಪತ್ರಿಕೆಗಳೆಲ್ಲ ಬರೆದವು. ಚಾಮರಾಜಪೇಟೆಯ ಮನೆ ಬಿದ್ದ ದಿನ ಜೆಸಿಬಿಯ ಸದ್ದು ಬಿಟ್ಟು ಬೇರೇನೂ ಕೇಳಿಸಿರಲಾರದು. ಒಂದು ಊರು ಹೆಸರಾಂತ ಹತ್ತು ಕಟ್ಟಡಗಳಿಂದ ಆಗುವುದಿಲ್ಲ. ಸಾವಿರಾರು ಸಾಧಾರಣ ಮನೆಗಳಿಂದ, ಅವುಗಳ ಸಜ್ಜಾದ ನೆರಳಿನಿಂದ, ಕೆಂಪು ಗಾರೆಯ ತಂಪಿನಿಂದ ಆಗುತ್ತದೆ. ಅವುಗಳ ಕಾಗದ ಇದ್ದದ್ದು ಇಂಥ ಗ್ಯಾರೇಜುಗಳಲ್ಲಿ.

"ಯಜಮಾನರು ನಮ್ಮನ್ನೆಲ್ಲ ಒಂದು ಭಾನುವಾರ ಬನ್ನೇರುಘಟ್ಟ ರಸ್ತೆಗೆ ಕರೆದುಕೊಂಡು ಹೋಗಿದ್ದರು" ಎಂದು ಅಪ್ಪ ಮಗಳಿಗೆ ಹೇಳುತ್ತಿದ್ದರು. ಐಐಎಂ ಆಗ ಇನ್ನೂ ಕಟ್ಟುತ್ತಿದ್ದ ಕಾಲ. ಫತೇಪುರ್ ಸಿಕ್ರಿಯ ಅಂಗಳಗಳನ್ನೂ ನಮ್ಮ ಊರಿನ ಹಸಿರನ್ನೂ ಮನಸ್ಸಿನಲ್ಲಿಟ್ಟುಕೊಂಡು ವಾಸ್ತುಶಿಲ್ಪಿ ಬಿ.ವಿ. ದೋಶಿ ರೂಪಿಸಿದ ಆ ಕಲ್ಲಿನ ಪಡಸಾಲೆಗಳಲ್ಲಿ ಯಜಮಾನರು ಎರಡು ಗಂಟೆ ನಡೆದಾಡಿದರಂತೆ. ಮರುದಿನ ಕಚೇರಿಗೆ ಬಂದು, ಅರ್ಧವಾಗಿದ್ದ ಒಂದು ಮನೆಯ ನಕ್ಷೆಯನ್ನು ಮಡಚಿ ಪಕ್ಕಕ್ಕಿಟ್ಟು, ನಡುವೆ ಅಂಗಳ ಬಿಟ್ಟು ಮತ್ತೆ ಬರೆಯಲು ಅಪ್ಪನಿಗೆ ಹೇಳಿದರಂತೆ. ದೋಶಿಯವರಿಗೆ 2018ರಲ್ಲಿ ವಾಸ್ತುಶಿಲ್ಪದ ದೊಡ್ಡ ಗೌರವವಾದ ಪ್ರಿಟ್ಜ್‌ಕರ್ ಪ್ರಶಸ್ತಿ ಬಂದಾಗ ಅಪ್ಪ ಪತ್ರಿಕೆಯ ಆ ಪುಟವನ್ನು ಕತ್ತರಿಸಿಟ್ಟುಕೊಂಡದ್ದು ಏಕೆಂದು ನನಗೆ ಆಗ ಅರ್ಥವಾಯಿತು. ಅಂಗಳದ ಆ ಮನೆ ನನ್ನ ಪಟ್ಟಿಯಲ್ಲಿತ್ತು. ಹೋದವುಗಳಲ್ಲಿ ಅದೂ ಒಂದು.

ಒಪ್ಪಂದದಂತೆ ಎಲ್ಲ ಸಾಗಿತು. ಐದು ಮನೆಗಳಿಗೆ ಚರಂಡಿ, ಹನ್ನೆರಡಕ್ಕೆ ಮುಖ. ಮಿಕ್ಕವನ್ನು ಅಪ್ಪನ ನೆನಪಿನ ಮೇಲೆ ಆರಿಸಿದೆವು. 39 ಆಗಿತ್ತು. ಅಷ್ಟರಲ್ಲಿ ಅಪ್ಪನ ಸ್ಟೂಲಿನ ಹಿಂದೆ, ಯಾವ ರಾಶಿಗೂ ಸೇರದೆ ನಿಂತಿದ್ದ ಒಂದು ತಗಡಿನ ಕೊಳವೆ ಕಣ್ಣಿಗೆ ಬಿತ್ತು. ತೆಗೆದು ಬಿಡಿಸಿದೆ. 1974. ಸಾರ್ವಜನಿಕ ವಾಚನಾಲಯ. ಎಲಿವೇಷನ್ ಮತ್ತು ಪ್ಲಾನ್ ಮಾತ್ರ. ಉದ್ದನೆಯ ಓದುವ ಕೋಣೆ, ಎರಡು ಬದಿಗೂ ಹೊಂಗೆ ಮರಗಳು, ಮರದ ಕೆಳಗೆ ಪತ್ರಿಕೆ ಹಿಡಿದು ಕುಳಿತ ಪುಟ್ಟ ಪುಟ್ಟ ಮನುಷ್ಯರು. ಮೊಹರು ಇಲ್ಲ.

"ಇದು ಎಲ್ಲಿದೆ ಅಪ್ಪ?"

"ಕಟ್ಟಲಿಲ್ಲ. ದುಡ್ಡು ಮಂಜೂರಾಗಲಿಲ್ಲ."

ಅಡಿಪಾಯದ ವಿವರವಿಲ್ಲ, ಕೊಳವೆಯಿಲ್ಲ. ಅವರ ನಿಯಮದ ಪ್ರಕಾರ ಗುಜರಿಗೆ ಹೋಗಬೇಕು. ನನ್ನ ನಿಯಮಕ್ಕೂ ಅದು ಸೇರುವುದಿಲ್ಲ, ಏಕೆಂದರೆ ಇಲ್ಲದ್ದು ಹೋಗುವುದು ಹೇಗೆ? ಬಲಮೂಲೆಯ ಚೌಕದಲ್ಲಿ ಯಜಮಾನರ ಹೆಸರು ದೊಡ್ಡದಾಗಿತ್ತು. ಅದರ ಕೆಳಗೆ, ಬರೆದವರು ಎಂಬಲ್ಲಿ, ಸಾಸಿವೆ ಕಾಳಿನಷ್ಟು ಸಣ್ಣಗೆ ಅಪ್ಪನ ಇನಿಷಿಯಲ್. ಭೂತಗನ್ನಡಿ ಇಟ್ಟು ನೋಡಿದೆ. 300 ಸುರುಳಿಗಳಲ್ಲಿ ಎಷ್ಟೋ ಹಾಳೆಗಳ ಮೂಲೆಯಲ್ಲಿ ಅದೇ ಮೂರು ಅಕ್ಷರಗಳಿದ್ದವು, ನಾನು ಗಮನಿಸಿರಲಿಲ್ಲ. ಅದನ್ನು 40ನೆಯದಾಗಿ ಇಟ್ಟೆ. ಅಪ್ಪ ಬೇಡ ಎನ್ನಲಿಲ್ಲ.

4ಕ್ಕೆ ಸರಿಯಾಗಿ ಗುಜರಿಯವರು ಬಂದರು. ಸುರುಳಿಗಳನ್ನು ಚಪ್ಪಟೆಯಾಗಿ ತುಳಿದು ಚೀಲಕ್ಕೆ ತುಂಬಿ, ತಕ್ಕಡಿಗೆ ಕೊಂಡಿ ಹಾಕಿ ತೂಗಿದರು. ಅಪ್ಪ ಆ ಕಡೆ ನೋಡಲಿಲ್ಲ. ಯಜಮಾನರ ಮಗಳು ಬಂದ ಹಣವನ್ನು ಅಪ್ಪನ ಕೈಗಿಡಲು ಹೋಗಿ, ಏನೋ ಅನಿಸಿ, ಕೈ ಹಿಂದಕ್ಕೆ ತೆಗೆದುಕೊಂಡು ಅವರ ಕಾಲಿಗೆ ನಮಸ್ಕಾರ ಮಾಡಿದರು.

ರಾತ್ರಿ ಊಟವಾದ ಮೇಲೆ ಅಪ್ಪ ವಾಚನಾಲಯದ ಹಾಳೆಯನ್ನು ಊಟದ ಮೇಜಿನ ಮೇಲೆ ಹಾಸಿ, ನಾಲ್ಕು ಮೂಲೆಗೂ ಲೋಟ ಇಟ್ಟು, ಕುಂಚದಿಂದ ಧೂಳು ಗುಡಿಸಿದರು. ಬಹಳ ಹೊತ್ತು ನೋಡಿದರು. "ಬಾಗಿಲು ಒಳಕ್ಕೆ ತೆರೆಯುವ ಹಾಗೆ ಬರೆದಿದ್ದೇನೆ. ಜನ ಸೇರುವ ಕಡೆ ಹೊರಕ್ಕೆ ತೆರೆಯಬೇಕು. ಯಜಮಾನರೂ ಗಮನಿಸಿಲ್ಲ" ಎಂದರು. ಆಮೇಲೆ ಪೆನ್ಸಿಲ್ ಕೇಳಿದರು.

ಮೂಲ ಹಾಳೆಯ ಮೇಲೆ ಬರೆಯಬೇಡಿ ಎಂದು ಹೇಳಿ, ಬೀದಿ ಕೊನೆಯ ಅಂಗಡಿ ಮುಚ್ಚುವ ಮೊದಲು ಓಡಿ ಹೋಗಿ ಒಂದು ಬಟರ್ ಪೇಪರ್ ತಂದು ಅದರ ಮೇಲೆ ಹಾಸಿಕೊಟ್ಟೆ.