ಮೊದಲಿನ ಉತ್ಸಾಹ ಈಗಿಲ್ಲ, ನನ್ನ ನಂಬಿಕೆ ಹೋಯಿತೇ?

“ದೀಕ್ಷಾಸ್ನಾನದ ಹೊಸತರಲ್ಲಿ ಇದ್ದ ಹುರುಪು ಈಗಿಲ್ಲ. ಪ್ರಾರ್ಥನೆಗೆ ಕೂತರೆ ಮಾತೇ ಹೊರಡುವುದಿಲ್ಲ. ನನ್ನ ನಂಬಿಕೆ ಹೋಯಿತೇ?” ಪದೇ ಪದೇ ಬರುವ ಪ್ರಶ್ನೆ ಇದು. ಹೋಗಿಲ್ಲ. ಹೆಚ್ಚಾಗಿ ತಪ್ಪಿರುವುದು ವೇಗದ ಲೆಕ್ಕ.

ಮ್ಯಾರಥಾನ್ 42.195 ಕಿ.ಮೀ. ಓಟ. ಮೊದಲ ಐದು ಕಿಲೋಮೀಟರಿನಲ್ಲಿ ಕಾಲು ಹಗುರ, ಸುತ್ತ ಚಪ್ಪಾಳೆ. ಆ ಗುಂಗಿನಲ್ಲಿ ಜೋರಾಗಿ ಹೊರಟವರಿಗೆ 30ನೇ ಕಿಲೋಮೀಟರಿನ ಆಸುಪಾಸಿನಲ್ಲಿ ಸ್ನಾಯುಗಳಲ್ಲಿ ಕೂಡಿಟ್ಟ ಶಕ್ತಿಯ ದಾಸ್ತಾನು (ಗ್ಲೈಕೋಜನ್) ಬರಿದಾಗಿ ಕಾಲು ಕಲ್ಲಾಗುತ್ತದೆ. ಓಟಗಾರರು ಇದನ್ನು ‘ಗೋಡೆ’ ಅನ್ನುತ್ತಾರೆ. ಗೋಡೆಗೆ ಡಿಕ್ಕಿ ಹೊಡೆದ ಮೇಲೆ ತಿಂದರೆ ತಡವಾಯಿತು. ಪಳಗಿದವರು ಹಸಿವು ಕಾಣುವ ಮೊದಲೇ, ಅರ್ಧ ಮುಕ್ಕಾಲು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ತಗೊಳ್ಳುತ್ತಾರೆ.

ವಿಶ್ವಾಸಿಗಳು ಎಡವುವುದೂ ಇಲ್ಲೇ. ಜನವರಿ 1ರಂದು, ವರ್ಷದಲ್ಲಿ ಇಡೀ ಸತ್ಯವೇದ (ಬೈಬಲ್) ಓದಿ ಮುಗಿಸುತ್ತೇನೆ ಅಂತ ಹೊರಡುತ್ತಾರೆ. 1,189 ಅಧ್ಯಾಯ, ದಿನಕ್ಕೆ ಮೂರಕ್ಕಿಂತ ಹೆಚ್ಚು. ಆದಿಕಾಂಡ ಕಥೆಯಂತೆ ಸಾಗುತ್ತದೆ. ಯಾಜಕಕಾಂಡದ ಯಜ್ಞನಿಯಮಗಳ ನಡುವೆ ಹತ್ತು ದಿನ ತಪ್ಪಿತೋ, ಬಾಕಿ 30 ದಾಟಿತು. ಒಂದೇ ಭಾನುವಾರ ಎಲ್ಲ ತೀರಿಸಲು ಕೂತು, ಸೋಮವಾರ ಪುಸ್ತಕವನ್ನೇ ಮುಚ್ಚುತ್ತಾರೆ. ತಪ್ಪಿದ ತಾಲೀಮನ್ನು ಮರುದಿನದ ಓಟಕ್ಕೆ ಸೇರಿಸಿದರೆ ಮಂಡಿ ಕೆಡುತ್ತದೆ ಅಂತ ಕೋಚ್‌ಗಳು ಬೈಯುವುದು ಸುಮ್ಮನೆ ಅಲ್ಲ. ಬಾಕಿ ಬಿಡಿ, ಇವತ್ತಿನ ಪಾಠ ತೆಗೆಯಿರಿ.

ಎಷ್ಟು ಹೊತ್ತು ಕೂರಬೇಕು? ಕೆಟ್ಟ ದಿನವೂ ತಪ್ಪದಷ್ಟು. ಹತ್ತು ನಿಮಿಷ ಅನ್ನಿ: ಒಂದು ಚಿಕ್ಕ ಕೀರ್ತನೆ ಗಟ್ಟಿಯಾಗಿ, ಸುವಾರ್ತೆಯ ಹತ್ತು ಹನ್ನೆರಡು ವಚನ, ಇಬ್ಬರ ಹೆಸರು ಹೇಳಿ ಪ್ರಾರ್ಥನೆ. ಸ್ವಂತ ಮಾತು ಹುಟ್ಟದಿದ್ದರೆ ಕರ್ತನು ಕಲಿಸಿದ ಪ್ರಾರ್ಥನೆಯೇ ಸಾಕು. ದುಃಖದಲ್ಲಿರುವವರು 88ನೇ ಕೀರ್ತನೆ ಓದಲಿ. ಅದು ಕತ್ತಲೆಯಲ್ಲೇ ಮುಗಿಯುತ್ತದೆ, ಕೊನೆಗೊಂದು ಸಮಾಧಾನದ ಸಾಲು ಅಂಟಿಸಿಲ್ಲ.

ಇಬ್ರಿಯರಿಗೆ ಬರೆದ ಪತ್ರಿಕೆಯ 12ನೇ ಅಧ್ಯಾಯ, ಓಡುವವರು ಪಾಪದ ಜೊತೆ ‘ಭಾರ’ವನ್ನೂ ತೆಗೆದಿಡಬೇಕು ಅನ್ನುತ್ತದೆ. ಭಾರವೆಲ್ಲ ಪಾಪವೇ ಆಗಬೇಕಿಲ್ಲ. ಸಭೆಯಲ್ಲಿ ನಾಲ್ಕು ಜವಾಬ್ದಾರಿ ಹೊತ್ತು ನಾಲ್ಕನ್ನೂ ಗೊಣಗುತ್ತಾ ಮಾಡುವವರು ಎರಡನ್ನು ಇಳಿಸಲಿ. ಅಲ್ಲಿ ಸ್ಥಿರಚಿತ್ತಕ್ಕೆ ಇರುವ ಗ್ರೀಕ್ ಪದ ಹುಪೊಮೊನೆ, ಅಕ್ಷರಶಃ ‘ಅಡಿಯಲ್ಲಿ ಉಳಿಯುವುದು’. ವೇಗದ ಸುದ್ದಿಯೇ ಅದರಲ್ಲಿಲ್ಲ.

ಒಂದು ಎಚ್ಚರಿಕೆ: ದಣಿವು ಬೇರೆ, ಗಾಯ ಬೇರೆ. ವಾರಗಟ್ಟಲೆ ನಿದ್ದೆ, ಊಟ ಸೇರದಿದ್ದರೆ ಪ್ರಾರ್ಥನೆಯ ಜೊತೆಗೆ ವೈದ್ಯರನ್ನೂ ಕಾಣಬೇಕು.

ಇನ್ನು ಒಂಟಿ ಓಟ. 2019ರಲ್ಲಿ ವಿಯೆನ್ನಾದಲ್ಲಿ ಕೀನ್ಯಾದ ಓಟಗಾರ ಎಲಿಯುಡ್ ಕಿಪ್ಚೊಗೆ ಮ್ಯಾರಥಾನ್ ದೂರವನ್ನು 1 ಗಂಟೆ 59 ನಿಮಿಷ 40 ಸೆಕೆಂಡಿನಲ್ಲಿ ಮುಗಿಸಿದಾಗ, ಸರದಿಯ ಮೇಲೆ ಗಾಳಿಗೆ ಅಡ್ಡವಾಗಿ ಓಡಲು 41 ಜೊತೆಗಾರರಿದ್ದರು. ಅದು ಅಧಿಕೃತ ದಾಖಲೆಯಾಗಲಿಲ್ಲ, ಇರಲಿ. ನಿಮಗೆ 41 ಮಂದಿ ಬೇಡ, ಒಬ್ಬರು ಸಾಕು. ವಾರದಲ್ಲಿ ಒಂದು ದಿನ ಗೊತ್ತುಮಾಡಿಕೊಂಡು ಒಬ್ಬರನ್ನೊಬ್ಬರು ಎರಡೇ ಪ್ರಶ್ನೆ ಕೇಳಿ: ಎಷ್ಟು ದಿನ ಪ್ರಾರ್ಥನೆಗೆ ಕೂತಿರಿ? ಎಲ್ಲಿ ಎಡವಿದಿರಿ? “ಚೆನ್ನಾಗಿದ್ದೇನೆ” ಅನ್ನುವ ಉತ್ತರಕ್ಕೆ ಒಪ್ಪಬೇಡಿ, ಇನ್ನೊಮ್ಮೆ ಕೇಳಿ.